20 ನಿಮಿಷದ ಆಟದ ಬಿಡುವಿನಲ್ಲಿ ಎಲ್ಲ ಮಕ್ಕಳೂ ಓಡಾಡುವಂತೆ ಮಾಡುವುದು ಹೇಗೆ?

ತರಗತಿ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 6ರಿಂದ 10 ವರ್ಷದ ಮಕ್ಕಳ ಶಾಲೆ ನಮ್ಮದು. ವಾರದ ಐದೂ ದಿನ 20 ನಿಮಿಷದ ಆಟದ ಬಿಡುವು ಇದೆ. ಒಂದು ಸಲಕ್ಕೆ 36 ಮಕ್ಕಳು, ಅಂಗಳ 25 ಮೀಟರ್ ಉದ್ದ, 15 ಮೀಟರ್ ಅಗಲ, ನೋಡಿಕೊಳ್ಳುವುದಕ್ಕೆ ಒಬ್ಬರೇ ಶಿಕ್ಷಕರು. ಇದನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿ ಉಳಿದ ಮೂರು ದಿನ ಓದಿಗೆ ಕೊಡೋಣ ಎಂಬ ಮಾತು ಶಾಲೆಯಲ್ಲಿ ಎದ್ದಿದೆ. ಅದನ್ನು ತಡೆಯಬೇಕು ಅಂತ ನನ್ನ ಆಸೆ. ಆದರೆ ಸಭೆಯಲ್ಲಿ ಕೂತು ಬರೀ "ಆಟ ಒಳ್ಳೆಯದು" ಅಂದರೆ ಯಾರೂ ಕೇಳುವುದಿಲ್ಲ.

ನನಗೆ ಬೇಕಾದದ್ದು ಇಷ್ಟು. ಮೈ ಬೆವರುವಂಥ ಆಟದಿಂದ ಈ ವಯಸ್ಸಿನ ಮಕ್ಕಳಿಗೆ ಆಗುವ ಪ್ರಯೋಜನಗಳಲ್ಲಿ ಗಟ್ಟಿಯಾಗಿ ಹೇಳಬಹುದಾದದ್ದು ಯಾವುದು, ಉಬ್ಬಿಸಿ ಹೇಳುವುದು ಯಾವುದು? ಇನ್ನೊಂದು, ಈಗ ನಡೆಯುತ್ತಿರುವ ಬಿಡುವಿನಲ್ಲಿ ಐದಾರು ಹುಡುಗರು ನಡುಮಧ್ಯೆ ಫುಟ್‌ಬಾಲ್ ಆಡುತ್ತಾರೆ, ಉಳಿದವರಲ್ಲಿ ಅರ್ಧದಷ್ಟು ಜನ ಗೋಡೆಗೆ ಒರಗಿ ನಿಂತಿರುತ್ತಾರೆ. ರಿಲೇ ಓಟ ಇಟ್ಟರೆ ಸಾಲಿನಲ್ಲೇ ತಳ್ಳಾಟ. ಇದನ್ನು ಸರಿಪಡಿಸುವ ದಾರಿ ತಿಳಿದವರು ದಯವಿಟ್ಟು ಅಳತೆ, ಸಾಮಾನು, ಕ್ರಮ ಎಲ್ಲ ಬಿಡಿಸಿ ಹೇಳಿ.

ಮಕ್ಕಳ ಫಿಸಿಯೊ

ಮೇಡಂ, ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅಂಗಳದ ವಿಷಯ ಪಿಟಿ ಕಲಿಸುವವರು ಹೇಳಲಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಿಂದ ಶುರು ಮಾಡಿ. 5ರಿಂದ 17 ವರ್ಷದವರಿಗೆ ವಾರದ ಸರಾಸರಿ ತೆಗೆದರೆ ದಿನಕ್ಕೆ ಕನಿಷ್ಠ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಇರಬೇಕು. ಅದರಲ್ಲಿ ವಾರಕ್ಕೆ 3 ದಿನವಾದರೂ ಏದುಸಿರು ಬರಿಸುವ ಓಡಾಟ, ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಜಿಗಿತ, ಹತ್ತುವುದು, ನೇತಾಡುವುದು ಸೇರಿರಬೇಕು. ಮಧ್ಯಮ ಅಂದರೆ ಎಷ್ಟು ಅಂತ ತಿಳಿಯಲು ಉಪಕರಣ ಬೇಡ: ಮಗು ಮಾತಾಡಬಲ್ಲದು, ಆದರೆ ಹಾಡಲು ಆಗುವುದಿಲ್ಲ. ಎರಡು ಮೂರು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ಅದು ತೀವ್ರ. ನಿಮ್ಮ ಶಾಲೆ ಮೂರು ದಿನದ ಬಿಡುವು ಕತ್ತರಿಸಿದರೆ ಪ್ರತಿ ಮಗುವಿನಿಂದ ವಾರಕ್ಕೆ 60 ನಿಮಿಷದ ಅವಕಾಶ ಹೋಗುತ್ತದೆ, ಅಂದರೆ ಇಡೀ ಒಂದು ದಿನದ ಪಾಲು. ಮನೆಗೆ ಹೋದ ಮೇಲೆ ಆಡಲು ಜಾಗವೋ ಜೊತೆಯೋ ಇಲ್ಲದ ಮಗುವಿಗೆ ಅದನ್ನು ತುಂಬಿಕೊಳ್ಳುವ ದಾರಿ ಇರುವುದಿಲ್ಲ.

ಗಟ್ಟಿಯಾಗಿ ಹೇಳಬಹುದಾದದ್ದರಲ್ಲಿ ಮೊದಲನೆಯದು ಮೂಳೆ. ಜನ ಇದನ್ನೇ ಮರೆಯುತ್ತಾರೆ. ಬೆಳೆಯುವ ಮೂಳೆ ಗಟ್ಟಿಯಾಗುವುದು ಕಾಲು ನೆಲಕ್ಕೆ ಬಡಿದಾಗ ಅದಕ್ಕೆ ಬೀಳುವ ಹೊಡೆತಕ್ಕೆ ಉತ್ತರವಾಗಿ. ನಡೆದಾಡುವುದರಿಂದ ಬರುವ ಹೊಡೆತ ಸಣ್ಣದು, ಜಿಗಿದು ಇಳಿಯುವಾಗ ಬೀಳುವ ಹೊಡೆತ ಅದರ ಹಲವು ಪಟ್ಟು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ರೌಢಾವಸ್ಥೆಗೆ ಬಾರದ ಮಕ್ಕಳು 61 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಿಂದ ಒಂದು ಸಲಕ್ಕೆ 100 ಜಿಗಿತದಂತೆ ವಾರಕ್ಕೆ ಮೂರು ದಿನ, ಏಳು ತಿಂಗಳು ಜಿಗಿದರು. ಜಿಗಿಯದ ಮಕ್ಕಳಿಗಿಂತ ಇವರ ಸೊಂಟದ ಮತ್ತು ಬೆನ್ನಿನ ಕೆಳಭಾಗದ ಮೂಳೆಯ ರಾಶಿ ಹೆಚ್ಚು ಬೆಳೆಯಿತು. ನೀವು ಅಷ್ಟು ಎತ್ತರದಿಂದ ಜಿಗಿಸಬೇಕಾಗಿಲ್ಲ. ಸ್ಕಿಪ್ಪಿಂಗ್, ಕುಂಟೆಬಿಲ್ಲೆ, ಒಂದು ಮೆಟ್ಟಿಲಿನಿಂದ ಜೋಡಿಗಾಲಲ್ಲಿ ಇಳಿಯುವುದು ದಿನದಿನದ ಆಟಕ್ಕೆ ಸಾಕು. ಮೂಳೆಗೆ ಬೇಕಾದದ್ದು ಕೆಲವೇ ಡಜನ್ ಹೊಡೆತ, ನಡುನಡುವೆ ಬಿಡುವು. ಒಂದೇ ಸಮನೆ ಗಂಟೆಗಟ್ಟಲೆ ಜಿಗಿಸುವುದರಿಂದ ಲಾಭ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ.

ಎರಡನೆಯದು ಗಮನ. 2009ರ ಒಂದು ಅಧ್ಯಯನದಲ್ಲಿ ಸುಮಾರು 9-10 ವರ್ಷದ ಮಕ್ಕಳು 20 ನಿಮಿಷ ಬಿರುಸಾಗಿ ನಡೆದ ಮೇಲೆ, ಅಡ್ಡಿಪಡಿಸುವ ಚಿಹ್ನೆಗಳ ನಡುವೆ ಸರಿಯಾದದ್ದನ್ನು ಗುರುತಿಸುವ ಪರೀಕ್ಷೆಯಲ್ಲಿ ಸುಮ್ಮನೆ ಕೂತ ದಿನಕ್ಕಿಂತ ಚೆನ್ನಾಗಿ ಮಾಡಿದರು. ಪರಿಣಾಮ ಸಣ್ಣದು, ಆ ಹೊತ್ತಿನದು. ಆದ್ದರಿಂದ "ಆಟ ಆಡಿಸಿದರೆ ಅಂಕ ಏರುತ್ತದೆ" ಅಂತ ಸಭೆಯಲ್ಲಿ ಮಾತು ಕೊಡಬೇಡಿ. ಹೇಳಬೇಕಾದದ್ದು ಬೇರೆ: ಆಟಕ್ಕೆ ಸಮಯ ಕೊಟ್ಟರೆ ಅಂಕ ಇಳಿಯುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2010ರಲ್ಲಿ 50 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿತು. ಶಾಲೆಯೊಳಗಿನ ದೈಹಿಕ ಚಟುವಟಿಕೆಗೂ ಕಲಿಕೆಗೂ ನಡುವೆ ಅಳೆದ ಸಂಬಂಧಗಳಲ್ಲಿ 50.5% ಅನುಕೂಲಕರ, 48% ಏನೂ ವ್ಯತ್ಯಾಸವಿಲ್ಲದವು, ಪ್ರತಿಕೂಲವಾದವು 1.5% ಮಾತ್ರ. ಬಿಡುವು ಕಡಿದು ಓದಿಗೆ ಕೊಟ್ಟರೆ ಲಾಭ ಅನ್ನುವ ವಾದಕ್ಕೆ ಈ ಅಂಕಿಗಳೇ ಉತ್ತರ.

ಮೂರನೆಯದು ಕಣ್ಣು. ಇದು ಓಟದ ಫಲವಲ್ಲ, ಬಯಲಿನ ಬೆಳಕಿನ ಫಲ. ತರಗತಿಯೊಳಗೆ ಬೆಳಕು ಸಾಮಾನ್ಯವಾಗಿ 300ರಿಂದ 500 ಲಕ್ಸ್ (ಬೆಳಕಿನ ಅಳತೆ), ಹೊರಗೆ ಹಗಲಿನಲ್ಲಿ 10,000 ಲಕ್ಸ್ ದಾಟುವುದು ಸಹಜ. ಆ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು ಸಮೀಪದೃಷ್ಟಿ (ದೂರದ್ದು ಮಂಜಾಗಿ ಕಾಣುವುದು) ತರುವುದು ನಿಧಾನವಾಗುತ್ತದೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಬಯಲಿನ ಸಮಯ ಕೊಟ್ಟು ಮೂರು ವರ್ಷ ನೋಡಿದಾಗ 30.4% ಮಕ್ಕಳಿಗೆ ಸಮೀಪದೃಷ್ಟಿ ಬಂತು, ಕೊಡದ ಶಾಲೆಗಳಲ್ಲಿ 39.5% ಮಕ್ಕಳಿಗೆ ಬಂತು. ಇದು 2015ರಲ್ಲಿ ಪ್ರಕಟವಾದದ್ದು. ಹಾಗಾಗಿ ಆಟವನ್ನು ಹಾಲ್‌ನೊಳಗೆ ಒಯ್ಯುವ ಸಲಹೆ ಬಂದರೆ ಈ ಅಂಶ ಕೈತಪ್ಪುತ್ತದೆ ಎಂದು ತಿಳಿಸಿ. ಮರದ ನೆರಳಿನಲ್ಲಿ ಆಡಿದರೂ ಒಳಗಿಗಿಂತ ಎಷ್ಟೋ ಪಟ್ಟು ಬೆಳಕು ಸಿಗುತ್ತದೆ, ಬಿಸಿಲಿನಲ್ಲೇ ನಿಲ್ಲಿಸಬೇಕಾಗಿಲ್ಲ.

ತೂಕದ ವಿಷಯ ಮಾತ್ರ ತೆಗೆಯಬೇಡಿ. ಶಾಲೆಯ ಆಟವೊಂದರಿಂದಲೇ ತೂಕ ಇಳಿದದ್ದು ಅಧ್ಯಯನಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ದಮ್ಮು, ಹೃದಯದ ಸಾಮರ್ಥ್ಯ ಸುಧಾರಿಸುವುದು ಕಾಣುತ್ತದೆ. ತೂಕದ ಹೆಸರಿನಲ್ಲಿ ಆಟ ಮಾರಿದರೆ ಎರಡು ನಷ್ಟ. ದಪ್ಪಗಿರುವ ಮಗುವಿಗೆ ಆಟ ಶಿಕ್ಷೆಯಾಗುತ್ತದೆ, ತೆಳ್ಳಗಿರುವ ಮಗುವಿಗೆ ಆಟ ಬೇಡ ಎಂದಾಗುತ್ತದೆ.

ಕೊನೆಗೊಂದು ಸಂಗತಿ, ಆಟ ರೂಪಿಸುವವರಿಗೆ ಬೇಕಾದದ್ದು. ಮಕ್ಕಳು ದೊಡ್ಡವರ ಹಾಗೆ 20 ನಿಮಿಷ ಒಂದೇ ವೇಗದಲ್ಲಿ ಓಡುವವರಲ್ಲ. 6ರಿಂದ 10 ವರ್ಷದ ಮಕ್ಕಳನ್ನು ಕ್ಷಣಕ್ಷಣ ಗಮನಿಸಿದ 1995ರ ಒಂದು ಅಧ್ಯಯನದಲ್ಲಿ ಬಿರುಸಿನ ಓಡಾಟದ 95% ತುಣುಕುಗಳು 15 ಸೆಕೆಂಡಿಗಿಂತ ಚಿಕ್ಕವು. ಓಡು, ನಿಲ್ಲು, ಮತ್ತೆ ಓಡು: ಇದೇ ಅವರ ಸಹಜ ಲಯ. ದೊಡ್ಡವರಿಗಿಂತ ಬೇಗ ಚೇತರಿಸಿಕೊಳ್ಳುತ್ತಾರೆ ಕೂಡ. ನಡುವೆ ನಿಂತ ಮಗುವನ್ನು ಸೋಮಾರಿ ಅನ್ನಬೇಡಿ. ಅರ್ಧ ನಿಮಿಷದಲ್ಲಿ ಮತ್ತೆ ಓಡುವಂತೆ ಆಟ ಅದನ್ನು ಕರೆಯುತ್ತಿದೆಯೇ ಎಂದು ನೋಡಿ.

ಅಂಗಳದ ಗೆರೆ

ಫಿಸಿಯೊ ಅವರು ಹೇಳಿದ ಕೊನೆಯ ಮಾತನ್ನೇ ಹಿಡಿದು ಮುಂದುವರಿಸುತ್ತೇನೆ. ಟೈಮ್‌ಟೇಬಲ್‌ನಲ್ಲಿರುವ 20 ನಿಮಿಷ ಒಂದು ಲೆಕ್ಕ, ಒಂದು ಮಗು ನಿಜವಾಗಿ ಮೈ ಅಲುಗಿಸಿದ ನಿಮಿಷ ಇನ್ನೊಂದು ಲೆಕ್ಕ. ನಿಮ್ಮ ರಿಲೇ ಓಟವನ್ನೇ ನೋಡಿ. 36 ಮಕ್ಕಳು, 4 ಸಾಲು, ಸಾಲಿಗೆ 9 ಜನ. ಹೋಗಿ ಬರಲು ಒಬ್ಬರಿಗೆ 20 ಸೆಕೆಂಡ್. ಒಂದು ಸುತ್ತು ಮುಗಿಯಲು 3 ನಿಮಿಷ, ಅದರಲ್ಲಿ ಮಗು ಓಡುವುದು 20 ಸೆಕೆಂಡ್, ಉಳಿದ 2 ನಿಮಿಷ 40 ಸೆಕೆಂಡ್ ಸಾಲಿನಲ್ಲಿ ನಿಂತಿರುತ್ತದೆ. ಒಂದು ಕ್ಷಣವೂ ಪೋಲಾಗದೆ ಆರು ಸುತ್ತು ಮಾಡಿಸಿದರೂ ಸಿಗುವುದು ತಲಾ 2 ನಿಮಿಷದ ಓಟ. ತಳ್ಳಾಟಕ್ಕೆ ಕಾರಣ ಮಕ್ಕಳ ತುಂಟತನವಲ್ಲ, ಆ ನಿಂತ ಸಮಯ. ಇದೇ ಓಟವನ್ನು ಮೂವರ 12 ಸಾಲು ಮಾಡಿ: ಸುತ್ತಿಗೆ 1 ನಿಮಿಷ, ಓಟ ಆರೂವರೆ ನಿಮಿಷದ ಮೇಲಾಗುತ್ತದೆ. ಅದೇ ಮಕ್ಕಳು, ಅದೇ ಅಂಗಳ.

ಆದ್ದರಿಂದ ಯಾವ ಆಟ ಹಿಡಿದರೂ ಮೊದಲು ಎರಡನ್ನು ತೆಗೆದುಹಾಕಿ: ಉದ್ದ ಸಾಲು, ಮತ್ತು "ಔಟ್". ಔಟ್ ಆಗುವ ಆಟದಲ್ಲಿ ಮೊದಲು ಹೊರಗೆ ಕೂರುವುದು ನಿಧಾನ ಓಡುವ ಮಗು, ಅಂದರೆ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಮಗು. ಕೊನೆಯವರೆಗೆ ಓಡುವುದು ಮೊದಲೇ ಚುರುಕಾಗಿರುವ ಮಗು. ಹಾಗಾಗಿ ಮುಟ್ಟಾಟದಲ್ಲಿ ಸಿಕ್ಕಿಬಿದ್ದವರು ಪಕ್ಕದ ಗೆರೆಯಾಚೆ ಹೋಗಿ 10 ಸಲ ಜೋಡಿಗಾಲಲ್ಲಿ ಜಿಗಿದು ವಾಪಸು ಆಟಕ್ಕೆ ಬರಲಿ. ಮುಟ್ಟುವವರು ಒಬ್ಬರೇ ಇದ್ದರೆ ದೂರ ನಿಂತವರು ಕದಲುವುದೇ ಇಲ್ಲ. 12 ಮಕ್ಕಳಿಗೆ ಇಬ್ಬರು ಮುಟ್ಟುವವರನ್ನು ಇಡಿ, 60-90 ಸೆಕೆಂಡಿಗೊಮ್ಮೆ ಬದಲಾಯಿಸಿ. ಬದಲಾಯಿಸದಿದ್ದರೆ ನಿಧಾನ ಓಡುವ ಮಗು ಯಾರನ್ನೂ ಹಿಡಿಯಲಾಗದೆ ಕಣ್ಣೀರಿಡುತ್ತದೆ, ಆಟವೂ ಸಾಯುತ್ತದೆ.

ಇದರಲ್ಲಿ ನನ್ನ ಮೆಚ್ಚಿನದು ಬಾಲ ಕೀಳುವ ಆಟ. ಪ್ರತಿ ಮಗುವಿಗೆ 30-40 ಸೆಂಟಿಮೀಟರ್ ಉದ್ದದ ಬಟ್ಟೆಪಟ್ಟಿ ಎರಡು, ಸೊಂಟದ ಎರಡೂ ಬದಿ ಸಿಕ್ಕಿಸಿರಬೇಕು. ಗಂಟು ಹಾಕಲೇಬಾರದು, ಎಳೆದರೆ ಸುಲಭವಾಗಿ ಬರಬೇಕು. ಎಲ್ಲರೂ ಎಲ್ಲರ ಬಾಲ ಕೀಳುತ್ತಾರೆ. ಎರಡೂ ಕಳೆದುಕೊಂಡವರು ಮೂಲೆಯ ಬುಟ್ಟಿಗೆ ಓಡಿ ಒಂದು ಪಟ್ಟಿ ತಂದುಕೊಳ್ಳುತ್ತಾರೆ. ಮುಟ್ಟಾಟದಲ್ಲಿ ಬೆನ್ನಿಗೆ ತಳ್ಳಿ ಬೀಳಿಸುವ ತೊಂದರೆ ಇಲ್ಲಿ ಕಡಿಮೆ, ಕೈ ಬಟ್ಟೆಯ ಕಡೆ ಹೋಗುತ್ತದೆಯೇ ಹೊರತು ಮೈ ಕಡೆ ಅಲ್ಲ.

ಈಗ ಅಂಗಳ. 36 ಮಕ್ಕಳನ್ನು 12 ಜನರ ಮೂರು ಗುಂಪು ಮಾಡಿ, 25 ಮೀಟರ್ ಉದ್ದವನ್ನು ಮೂರು ಪಟ್ಟೆ ಮಾಡಿ: ಓಟಕ್ಕೆ 14 ಮೀಟರ್, ಚೆಂಡಿಗೆ 6 ಮೀಟರ್, ಹಗ್ಗ ಮತ್ತು ಜಿಗಿತಕ್ಕೆ 5 ಮೀಟರ್. ಚೆಂಡಿನ ಪಟ್ಟೆ ಒಂದು ತುದಿಯ ಗೋಡೆಗೆ ಹತ್ತಿರ ಬರಲಿ, ಹಗ್ಗದ ಪಟ್ಟೆ ಎರಡರ ನಡುವೆ. ಓಟದ ಪಟ್ಟೆಯ ಸುತ್ತ ಗೋಡೆ ಇರುವ ಕಡೆಯೆಲ್ಲ 2 ಮೀಟರ್ ಬಿಟ್ಟೇ ಗೆರೆ ಎಳೆಯಿರಿ. ಗೋಡೆಯನ್ನೇ ಗುರಿಗೆರೆ ಮಾಡಿಕೊಂಡರೆ ಹಲ್ಲು, ಮಣಿಕಟ್ಟು ಮುರಿಯಬಹುದು. ಪೂರ್ತಿ ವೇಗದಲ್ಲಿ ಬಂದ ಮಗುವಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಬದಿಗಳನ್ನು ಬಿಟ್ಟ ಮೇಲೂ 12 ಮಕ್ಕಳಿಗೆ ತಲಾ 10 ಚದರ ಮೀಟರಿಗಿಂತ ಹೆಚ್ಚು ಉಳಿಯುತ್ತದೆ, ಮುಟ್ಟಾಟಕ್ಕೆ ಅದು ಸಾಕು. 36 ಜನರನ್ನೂ ಒಟ್ಟಿಗೆ ಬಿಟ್ಟರೆ ಡಿಕ್ಕಿ ಖಂಡಿತ.

ಚೆಂಡಿನ ಪಟ್ಟೆಯಲ್ಲಿ 15 ಮೀಟರ್ ಗೋಡೆಗೆ ಎದುರಾಗಿ ಆರು ಜೋಡಿ, ಜೋಡಿಗೆ ಎರಡೂವರೆ ಮೀಟರ್ ಜಾಗ, ಒಂದು ಚೆಂಡು. ಹಗ್ಗದ ಪಟ್ಟೆಯಲ್ಲಿ ಜೋಡಿಗೊಂದು ಹಗ್ಗ: ಒಬ್ಬರು 30 ಸೆಕೆಂಡ್ ಜಿಗಿಯುವುದು, ಇನ್ನೊಬ್ಬರು ಎಣಿಸುವುದು, ಆಮೇಲೆ ಬದಲು. 6 ನಿಮಿಷಕ್ಕೊಮ್ಮೆ ಗುಂಪು ಮುಂದಿನ ಪಟ್ಟೆಗೆ. ಬದಲಾಗುವ ಹೊತ್ತೂ ಸೇರಿ ಮೂರಕ್ಕೆ 18 ನಿಮಿಷ, ಕೊನೆಯ 2 ನಿಮಿಷ ತರಗತಿಗೆ ವಾಪಸಾಗಲು.

ಸಾಮಾನು: ಗಿಡ್ಡ ಹಗ್ಗ 8, ಗುಂಪಿಗೆ ತಿರುಗಿಸಲು 4-5 ಮೀಟರಿನ ಉದ್ದ ಹಗ್ಗ 1, ಅಂಗೈ ಚಾಚಿದಷ್ಟು ಅಗಲದ ಮೆತ್ತನೆ ಚೆಂಡು 8, ಬಟ್ಟೆಪಟ್ಟಿ 40, ಕೋನ್ 12. ಜೊತೆಗೆ ಎಸೆದು ಹಿಡಿಯಲು ಹತ್ತು ಹನ್ನೆರಡು ಬಟ್ಟೆ ಚೀಲ: 10x15 ಸೆಂಟಿಮೀಟರ್, ಒಳಗೆ 100-120 ಗ್ರಾಂ ಒಣ ಕಾಳು, ಮುಕ್ಕಾಲು ಭಾಗ ಮಾತ್ರ ತುಂಬಿ, ಎರಡು ಸಲ ಹೊಲಿಯಿರಿ. ಗಟ್ಟಿಯಾಗಿ ತುಂಬಿದ ಚೀಲ ಕೈಯಿಂದ ಪುಟಿಯುತ್ತದೆ, ಸಡಿಲ ಇದ್ದರೆ ಕೈಯಲ್ಲಿ ಕೂರುತ್ತದೆ. ಎಲ್ಲವೂ ಒಂದೇ ಬುಟ್ಟಿಯಲ್ಲಿದ್ದರೆ ಹಂಚುವುದಕ್ಕೇ 4 ನಿಮಿಷ ಹೋಗುತ್ತದೆ. ಪಟ್ಟೆಗೊಂದು ಬುಟ್ಟಿ ಇಡಿ, ಬೆಲ್ಲಿಗೆ ಮುಂಚೆ ಇಬ್ಬರು ಮಕ್ಕಳು ಒಯ್ದಿಡಲಿ.

ನೆಲದ ಗೆರೆಗಳು ಶಿಕ್ಷಕರಿಲ್ಲದಾಗಲೂ ಕೆಲಸ ಮಾಡುತ್ತವೆ. ಕುಂಟೆಬಿಲ್ಲೆ ಮನೆಗಳು 40 ಸೆಂಟಿಮೀಟರ್ ಚೌಕ, ಅದಕ್ಕಿಂತ ದೊಡ್ಡದಾದರೆ 6 ವರ್ಷದವರಿಗೆ ಕುಂಟಿ ದಾಟಲಾಗದು. ಗೋಡೆಯ ಮೇಲೆ 60, 120, 180 ಸೆಂಟಿಮೀಟರ್ ಎತ್ತರದಲ್ಲಿ ಚೆಂಡು ಎಸೆಯಲು ದೊಡ್ಡ ವೃತ್ತಗಳು. ಹೊಳಪಿನ ಎನಾಮಲ್ ಪೇಂಟ್ ನೆಲಕ್ಕೆ ಬಳಿಯಬೇಡಿ, ಒದ್ದೆಯಾದರೆ ಜಾರುತ್ತದೆ. ರಸ್ತೆಗೆ ಬಳಿಯುವ ಬಣ್ಣ ಹಾಕಿ, ಇಲ್ಲವೇ ಬಣ್ಣ ಒಣಗುವ ಮುಂಚೆ ನುಣ್ಣನೆ ಮರಳು ಉದುರಿಸಿ.

ಫುಟ್‌ಬಾಲ್ ನಿಲ್ಲಿಸಬೇಕಿಲ್ಲ, ಜಾಗ ಬದಲಿಸಿ. ನಡುವೆ ಆಡಿದರೆ ಉಳಿದವರು ಅಂಚಿಗೆ ಸರಿಯುತ್ತಾರೆ, ಅದರಲ್ಲೂ ಹುಡುಗಿಯರು ಮತ್ತು ಚಿಕ್ಕ ತರಗತಿಯವರು. ಓಟದ ಪಟ್ಟೆಯಲ್ಲಿ ಮೂವರಿಗೆ ಮೂವರಂತೆ ಎರಡು ಸಣ್ಣ ಆಟ, ಗೋಲ್‌ಕೀಪರ್ ಇಲ್ಲ, ಗೋಲು ಎರಡು ಕೋನ್ ನಡುವಿನ 1 ಮೀಟರ್. ತಂಡ ಚಿಕ್ಕದಾದಷ್ಟೂ ಪ್ರತಿ ಮಗುವಿನ ಕಾಲಿಗೆ ಚೆಂಡು ಹೆಚ್ಚು ಸಲ ಸಿಗುತ್ತದೆ.

ತರಗತಿ ಶಿಕ್ಷಕಿ

ಇಬ್ಬರಿಗೂ ತುಂಬ ಧನ್ಯವಾದ. ಸಾಲಿನ ಲೆಕ್ಕ ಕಣ್ಣು ತೆರೆಸಿತು. ಇನ್ನೆರಡು ಸಂದೇಹ. ಒಂದು, ಹಗ್ಗ ಬಾರದ, ಚೆಂಡು ಎಸೆಯಲು ಬಾರದ ಮಕ್ಕಳು ಆ ಪಟ್ಟೆಗೆ ಬಂದ ಕೂಡಲೇ ಹಿಂದೆ ಸರಿಯುತ್ತಾರೆ. ಅವರಿಗೆ 6 ನಿಮಿಷದಲ್ಲಿ ಏನು ಹೇಳಿಕೊಡಬಹುದು? ಎರಡು, ಆಸ್ತಮಾ ಇರುವ ಇಬ್ಬರನ್ನು ಈಗ ಬೆಂಚಿನಲ್ಲಿ ಕೂರಿಸುತ್ತಿದ್ದೇವೆ. ಅದು ಸರಿಯೇ?

ಚಲನೆ ಕಲಿಕೆ

ಮೇಡಂ, ಹಿಂದೆ ಸರಿಯುವ ಮಗುವನ್ನು "ಆಟದಲ್ಲಿ ಆಸಕ್ತಿ ಇಲ್ಲ" ಎಂದು ಬರೆದುಬಿಡುವುದು ಸುಲಭ. ಹೆಚ್ಚಿನ ಸಲ ಕಾರಣ ಆಸಕ್ತಿಯಲ್ಲ, ಕೌಶಲ. ಓಡುವುದು ತಾನಾಗಿ ಬರುತ್ತದೆ. ಎಸೆಯುವುದು, ಹಿಡಿಯುವುದು, ಕುಂಟುವುದು, ಹಗ್ಗ ದಾಟುವುದು ಹಾಗಲ್ಲ. ಯಾರಾದರೂ ತೋರಿಸಬೇಕು, ನೂರಾರು ಸಲ ಮಾಡಬೇಕು. ಪ್ರಾಥಮಿಕ ಶಾಲೆಯ ವರ್ಷಗಳು ಇದಕ್ಕೆ ಹದವಾದ ಕಾಲ, ಯಾಕೆಂದರೆ ಪಕ್ಕದವರಿಗೂ ಇನ್ನೂ ಪೂರ್ತಿ ಬಂದಿರುವುದಿಲ್ಲ. ಹತ್ತು ದಾಟಿದ ಮೇಲೆ ಬಾರದಿದ್ದರೆ ಮಗು ನಾಚಿಕೊಂಡು ಪ್ರಯತ್ನವನ್ನೇ ಬಿಡುತ್ತದೆ.

ಹಗ್ಗ. ಮೊದಲು ಅಳತೆ: ನಡುವಿಗೆ ಒಂದು ಕಾಲಿಟ್ಟು ಎಳೆದರೆ ಹಿಡಿಕೆಗಳು ಕಂಕುಳಿಗೆ ಬರಬೇಕು, ಹೊಸಬರಿಗೆ ಹೆಗಲವರೆಗೆ ಇದ್ದರೂ ಸರಿ. ತೆಳು ನೈಲಾನ್ ಹಗ್ಗ ಗಾಳಿಗೆ ತೇಲುತ್ತದೆ, ಲಯ ಸಿಗುವುದಿಲ್ಲ. 8-10 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗ ಒಳ್ಳೆಯದು. ಮೊದಲ ದಿನ ಹಗ್ಗವೇ ಬೇಡ: ಮುಂಗಾಲಿನ ಮೇಲೆ, ಮಂಡಿ ಸ್ವಲ್ಪ ಮಡಚಿ, ನೆಲದಿಂದ ಎರಡು ಮೂರು ಸೆಂಟಿಮೀಟರ್ ಮಾತ್ರ ಏಳುವ ಜಿಗಿತ, ಒಂದೇ ತಾಳದಲ್ಲಿ 20. ಆಮೇಲೆ ಎರಡೂ ಹಿಡಿಕೆಗಳನ್ನು ಒಂದೇ ಕೈಯಲ್ಲಿ ಹಿಡಿದು ಹಗ್ಗವನ್ನು ಪಕ್ಕದಲ್ಲಿ ತಿರುಗಿಸುತ್ತ, ಅದು ನೆಲಕ್ಕೆ ಬಡಿದ ಸದ್ದಿಗೆ ಜಿಗಿಯುವುದು. ಹಗ್ಗ ಸಿಕ್ಕಿಕೊಳ್ಳುವ ಭಯವಿಲ್ಲದೆ ತಾಳ ಕೂಡುವುದು ಇಲ್ಲೇ. ಮೂರನೆಯದಾಗಿ, ಹಗ್ಗ ಹಿಂದಿನಿಂದ ತಲೆಯ ಮೇಲೆ ತಂದು ಕಾಲ ಮುಂದೆ ನಿಲ್ಲಿಸಿ ದಾಟುವುದು. ನಂತರ ಒಂದು ಸುತ್ತು, ಒಂದು ಜಿಗಿತ, ನಿಲ್ಲು. ಅದು ಬಂದ ಮೇಲೆಯೇ ಎರಡು ಸೇರಿಸಿ.

ಕೆಡುವುದು ಮೂರು ಕಡೆ. ತೋಳು ಪೂರ್ತಿ ಚಾಚಿ ತಿರುಗಿಸುತ್ತಾರೆ, ಆಗ ಹಗ್ಗ ಗಿಡ್ಡವಾಗಿ ಕಾಲಿಗೆ ತಗಲುತ್ತದೆ. ಮೊಣಕೈ ಪಕ್ಕೆಗೆ ಹತ್ತಿರವಿಟ್ಟು ಮಣಿಕಟ್ಟಿನಿಂದ ತಿರುಗಿಸಲಿ. ತಲೆಯ ಮೇಲೆ ಹಗ್ಗ ಕಂಡ ಕೂಡಲೇ ಜಿಗಿಯುತ್ತಾರೆ, ಹಗ್ಗ ಕೆಳಗೆ ಬರುವಾಗ ಅವರೂ ಇಳಿದಿರುತ್ತಾರೆ. ಇದಕ್ಕೆ ಮದ್ದು ಸದ್ದಿನ ಅಭ್ಯಾಸ. ಇನ್ನು ಎತ್ತರ ಜಿಗಿಯುವುದು: ಬೇಗ ದಣಿಯುತ್ತಾರೆ, ತಾಳ ತಪ್ಪುತ್ತದೆ.

ಎಸೆತ. ಮೈ ಪಕ್ಕಕ್ಕೆ ತಿರುಗಿರಲಿ. ಬಲಗೈಯಲ್ಲಿ ಎಸೆಯುವವರು ಎಡಗಾಲು ಮುಂದಿಡಲಿ, ಎಡಗೈಯವರು ಬಲಗಾಲು. ಮೊಣಕೈ ಹೆಗಲಿನ ಮಟ್ಟಕ್ಕೆ. ಹೆಚ್ಚಿನವರು ಎಸೆಯುವ ಕೈಯ ಕಡೆಯ ಕಾಲನ್ನೇ ಮುಂದಿಡುತ್ತಾರೆ, ಅಲ್ಲಿಗೆ ಸೊಂಟ ತಿರುಗುವುದು ನಿಲ್ಲುತ್ತದೆ, ಬಲ ಹೋಗುತ್ತದೆ. ನೆಲದಲ್ಲಿ ಒಂದು ಹೆಜ್ಜೆ ಗುರುತು ಬರೆದರೆ ಹೇಳುವ ಕೆಲಸವೇ ಇಲ್ಲ. ಕಲಿಯುವ ಹಂತದಲ್ಲಿ ಗುರಿಗೆ ಹೊಡೆಸಬೇಡಿ. ಹತ್ತಿರದ ಸಣ್ಣ ಗುರಿ ಕೊಟ್ಟರೆ ಮಗು ಚೆಂಡನ್ನು ತಳ್ಳುತ್ತದೆ, ಎಸೆಯುವುದಿಲ್ಲ. 5-6 ಮೀಟರ್ ದೂರದ ಗೋಡೆಗೆ "ಜೋರಾಗಿ" ಎಂದಷ್ಟೇ ಹೇಳಿ. ನಿಖರತೆ ಆಮೇಲೆ ಬರುತ್ತದೆ.

ಹಿಡಿಯುವಾಗ ಮುಖ ತಿರುಗಿಸಿ ಕಣ್ಣು ಮುಚ್ಚುವ ಮಗುವಿಗೆ ಗಾಳಿ ಸ್ವಲ್ಪ ಇಳಿಸಿದ ದೊಡ್ಡ ಚೆಂಡು ಕೊಡಿ, 2 ಮೀಟರ್ ದೂರದಿಂದ ನೆಲಕ್ಕೆ ಒಂದು ಸಲ ಪುಟಿಸಿ ಕಳುಹಿಸಿ. ಪುಟಿದು ಬರುವ ಚೆಂಡು ನಿಧಾನ, ಮುಖಕ್ಕೆ ಬರುವುದಿಲ್ಲ. ಇಷ್ಟೇ ಬದಲಾವಣೆಗೆ ಅಳು ನಿಲ್ಲುತ್ತದೆ.

ಮಕ್ಕಳ ಫಿಸಿಯೊ

ಆಸ್ತಮಾ ಪ್ರಶ್ನೆಗೆ: ಕೂರಿಸುವುದು ಸರಿಯಲ್ಲ. ಹತೋಟಿಯಲ್ಲಿರುವ ಆಸ್ತಮಾ ಆಟಕ್ಕೆ ಅಡ್ಡಿ ಅಲ್ಲ, ದಮ್ಮು ಹೆಚ್ಚಿದರೆ ಆ ಮಗುವಿಗೇ ಹೆಚ್ಚು ಲಾಭ. ಬೇಕಾದದ್ದು ಲಿಖಿತ ಯೋಜನೆ. ಆಟಕ್ಕೆ ಮುಂಚೆ ಇನ್ಹೇಲರ್ ಬೇಕೇ, ಎಷ್ಟು ಪಫ್ ಎಂಬುದನ್ನು ಮಗುವಿನ ವೈದ್ಯರು ಬರೆದುಕೊಡಬೇಕು, ಅದರ ಪ್ರತಿ ಆ ಹೊತ್ತಿನ ಶಿಕ್ಷಕರ ಹತ್ತಿರ ಇರಬೇಕು. ಇನ್ಹೇಲರ್ ಆಫೀಸಿನ ಬೀಗದ ಕಪಾಟಿನಲ್ಲಿದ್ದರೆ ಇಲ್ಲದ ಹಾಗೆ, ಅಂಗಳದಲ್ಲೇ ಇರಲಿ. ಆ ಮಕ್ಕಳು ಹಗ್ಗದ ಪಟ್ಟೆಯಿಂದ ಶುರು ಮಾಡಲಿ, ಅರ್ಧ ನಿಮಿಷ ಜಿಗಿದು ಅರ್ಧ ನಿಮಿಷ ಎಣಿಸುವುದು ಒಳ್ಳೆಯ ವಾರ್ಮ್‌ಅಪ್. ತಣ್ಣನೆಯ ಒಣ ಹವೆಯಲ್ಲಿ ತೊಂದರೆ ಜಾಸ್ತಿ. ಉಬ್ಬಸ ಹೆಚ್ಚಾಗಿ ಓಡುವಾಗಲ್ಲ, ನಿಲ್ಲಿಸಿದ ಮೇಲೆ 5ರಿಂದ 15 ನಿಮಿಷದೊಳಗೆ ಬಿಗಡಾಯಿಸುತ್ತದೆ, ಅಂದರೆ ತರಗತಿಯೊಳಗೆ. ಮುಂದಿನ ಪೀರಿಯಡ್‌ನ ಶಿಕ್ಷಕರಿಗೂ ಇದು ಗೊತ್ತಿರಬೇಕು. ಬಂದರೆ ನೆಟ್ಟಗೆ ಕೂರಿಸಿ, ಮಲಗಿಸಬೇಡಿ, ಇನ್ಹೇಲರ್ ಕೊಡಿ. ಮಾತಾಡಲಾಗದಿದ್ದರೆ, ತುಟಿ ನೀಲಿಯಾದರೆ, ಔಷಧಕ್ಕೆ ಬಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ.

ನೀರಿನ ಮಾತು: ಸೆಕೆ ಇರುವ ದಿನ 9ರಿಂದ 12 ವರ್ಷದವರಿಗೆ 20 ನಿಮಿಷಕ್ಕೆ 100ರಿಂದ 250 ಮಿಲಿಲೀಟರ್ ಎಂಬುದು ಮಕ್ಕಳ ವೈದ್ಯರು ಹೇಳುವ ಅಂದಾಜು, ಚಿಕ್ಕವರಿಗೆ ಅದಕ್ಕಿಂತ ಕಡಿಮೆ. ಬಾಯಾರುವ ತನಕ ಕಾಯಿಸಬೇಡಿ. ಅಂಗಳಕ್ಕೆ ಹೊರಡುವಾಗಲೇ ಕುಡಿಸಿ.

ಬಿಡುವು ಬಿಡುವಾಗಿರಲಿ

ಅಂಗಳದ ಗೆರೆ ಅವರು ಕೊಟ್ಟ ಏರ್ಪಾಡು ಅಚ್ಚುಕಟ್ಟಾಗಿದೆ, ಆದರೆ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ವಾರದ ಐದೂ ದಿನ, ಆರಾರು ನಿಮಿಷಕ್ಕೆ ಸೀಟಿ ಊದಿ ಗುಂಪು ಬದಲಾಯಿಸಿದರೆ ಅದು ಪಿಟಿ ಪೀರಿಯಡ್, ಬಿಡುವಲ್ಲ. ನಿಯಮ ತಾವೇ ಕಟ್ಟುವುದು, ತಂಡ ಹಂಚಿಕೊಳ್ಳುವುದು, ಜಗಳವಾಡಿ ತಾವೇ ರಾಜಿಯಾಗುವುದು ಸಕ್ರಿಯ ಆಟದ ಪ್ರಯೋಜನಗಳಲ್ಲಿ ಸಣ್ಣದಲ್ಲ, ದೊಡ್ಡವರು ನಡೆಸುವ ಆಟದಲ್ಲಿ ಅದು ಸಿಗುವುದೇ ಇಲ್ಲ. ನನ್ನ ಸಲಹೆ: ಮೊದಲ ಎರಡು ವಾರ ದಿನವೂ ಸೀಟಿಯೊಂದಿಗೆ ನಡೆಸಿ, ಆಟಗಳು ಮಕ್ಕಳ ಕೈಗೆ ಹತ್ತಲಿ. ಆಮೇಲೆ ವಾರಕ್ಕೆ ಎರಡು ದಿನ ಮಾತ್ರ ಸೀಟಿ. ಉಳಿದ ಮೂರು ದಿನ ಪಟ್ಟೆಗಳು, ಬುಟ್ಟಿಗಳು ಹಾಗೇ ಇರಲಿ, ಎಲ್ಲಿ ಎಷ್ಟು ಹೊತ್ತು ಎಂಬುದು ಮಕ್ಕಳಿಗೆ ಬಿಟ್ಟದ್ದು. ಜಾಗದ ಗೆರೆ ಮಾತ್ರ ದಾಟುವಂತಿಲ್ಲ.

ಆ ದಿನಗಳಲ್ಲಿ ಕುಸ್ತಿಯಾಟ ಕಂಡ ಕೂಡಲೇ ಓಡಿಹೋಗಿ ಬಿಡಿಸಬೇಡಿ. ಮುಖದಲ್ಲಿ ನಗು ಇದೆಯೇ, ಬೀಳುವವರು ಬೀಳಿಸುವವರು ಬದಲಾಗುತ್ತಿದ್ದಾರೆಯೇ, ಮುಗಿದ ಮೇಲೂ ಒಟ್ಟಿಗೇ ಇದ್ದಾರೆಯೇ, ಹಾಗಿದ್ದರೆ ಅದು ಆಟ. ಹುಬ್ಬು ಗಂಟಿಕ್ಕಿ, ಮುಷ್ಟಿ ಬಿಗಿದು, ಒಬ್ಬರೇ ಸದಾ ಕೆಳಗಿದ್ದು, ಸುತ್ತ ಗುಂಪು ಸೇರಿದರೆ ಅದು ಜಗಳ, ಆಗ ನಡುವೆ ಹೋಗಿ.

ಹೋಂವರ್ಕ್ ಮಾಡದ ಮಗುವಿನ ಬಿಡುವು ಕಿತ್ತುಕೊಳ್ಳುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನೂ ಸಭೆಯಲ್ಲಿ ಎತ್ತಿ. ಶಿಕ್ಷೆಗಾಗಲಿ ಓದಿಗಾಗಲಿ ಬಿಡುವನ್ನು ತಡೆಹಿಡಿಯಬಾರದು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2013ರಲ್ಲೇ ಲಿಖಿತವಾಗಿ ಹೇಳಿದೆ. ಹೀಗೆ ಬಿಡುವು ಕಳೆದುಕೊಳ್ಳುವವರು ಹೆಚ್ಚಾಗಿ ಕೂತಲ್ಲಿ ಕೂರಲಾಗದ ಮಕ್ಕಳೇ. ಅವರನ್ನು ಇನ್ನಷ್ಟು ಕೂರಿಸಿದರೆ ಮಧ್ಯಾಹ್ನದ ತರಗತಿ ಏನಾಗುತ್ತದೆಂದು ಯಾವ ಶಿಕ್ಷಕರಿಗೂ ಬಿಡಿಸಿ ಹೇಳಬೇಕಿಲ್ಲ.

ಅಂಗಳದ ಗೆರೆ

ಒಪ್ಪಿದೆ, ಎರಡು ದಿನ ಸೀಟಿ, ಮೂರು ದಿನ ಸ್ವತಂತ್ರ. ನಾನು ಬರೆದದ್ದು ಆರಂಭದ ವಾರಗಳಿಗೇ ಹೆಚ್ಚು ಹೊಂದುತ್ತದೆ.

ಸಾಮಾನು ಬರುವವರೆಗೆ ಏನು ಮಾಡುವುದು ಅನ್ನುವವರಿಗೆ ಇನ್ನೊಂದು ದಾರಿ: ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ 2012ರಲ್ಲಿ ಶುರುವಾದ ಡೈಲಿ ಮೈಲ್. ಬಟ್ಟೆ ಬದಲಾಯಿಸದೆ, ಸ್ಪರ್ಧೆ ಇಲ್ಲದೆ, 15 ನಿಮಿಷ ತಮ್ಮ ತಮ್ಮ ವೇಗದಲ್ಲಿ ಓಡುವುದು ಇಲ್ಲವೇ ನಡೆಯುವುದು. ದಮ್ಮಿಗೆ ಒಳ್ಳೆಯದು, ತಯಾರಿ ಸೊನ್ನೆ. ಆದರೆ ಅದರಲ್ಲಿ ಜಿಗಿತವಿಲ್ಲ, ಎಸೆತವಿಲ್ಲ, ಜೊತೆಯಾಟವಿಲ್ಲ. ಬಿಡುವಿನ ಜೊತೆಗೆ ಇಟ್ಟುಕೊಳ್ಳಬಹುದು, ಬಿಡುವಿನ ಬದಲಿಗೆ ಬೇಡ.

ತರಗತಿಗೆ ವಾಪಸಾಗುವುದು ಹಲವರಿಗೆ ತಲೆನೋವು, ಬಿಡುವು ಬೇಡ ಅನ್ನುವ ಶಿಕ್ಷಕರ ನಿಜವಾದ ದೂರು ಇದೇ. ಒಂದೇ ಬೆಲ್ಲಿಗೆ ನಿಲ್ಲಿಸಿದರೆ ಏದುಸಿರಿನಲ್ಲೇ ಬಾಗಿಲಿಗೆ ನುಗ್ಗುತ್ತಾರೆ. 18ನೇ ನಿಮಿಷಕ್ಕೆ ಮೊದಲ ಸೀಟಿ: ಆಟ ನಿಲ್ಲಿಸಿ ಕೈಯಲ್ಲಿದ್ದುದನ್ನು ಬುಟ್ಟಿಗೆ ಹಾಕಿ ಅಂಗಳದ ಸುತ್ತ ಒಂದು ಸುತ್ತು ನಡಿಗೆ. 20ಕ್ಕೆ ಎರಡನೆಯದು: ನೀರು ಕುಡಿದು ಒಳಗೆ. ಸಾಲು ನಿಲ್ಲಿಸಿ ಕಾಯಿಸಬೇಡಿ, ಬಂದವರು ಬಂದಂತೆ ಹೋಗಲಿ.

ಸಭೆಗೆ ಹೋಗುವ ಮುಂಚೆ ನಿಮ್ಮದೇ ಅಂಕಿ ಕೈಯಲ್ಲಿರಲಿ. ಬಿಡುವಿನ 5, 10, 15ನೇ ನಿಮಿಷಕ್ಕೆ ಅಂಗಳವನ್ನು ಎಡದಿಂದ ಬಲಕ್ಕೆ ಒಂದೇ ಸಲ ಕಣ್ಣಾಡಿಸಿ, ಪ್ರತಿ ಮಗುವಿಗೆ ಒಂದು ಗೀಟು: ಕೂತಿದೆ ಅಥವಾ ನಿಂತಿದೆ, ನಡೆಯುತ್ತಿದೆ, ಓಡುತ್ತಿದೆ ಅಥವಾ ಜಿಗಿಯುತ್ತಿದೆ. ಒಮ್ಮೆ ದಾಟಿದ ಮಗುವಿನ ಕಡೆ ಮತ್ತೆ ನೋಡಬೇಡಿ, ಆ ಕ್ಷಣದಲ್ಲಿ ಕಂಡದ್ದೇ ಲೆಕ್ಕ. ಹುಡುಗಿಯರಿಗೆ, ಹುಡುಗರಿಗೆ ಬೇರೆ ಬೇರೆ ಸಾಲು ಇಡಿ. ಈಗಿನ ವ್ಯವಸ್ಥೆಯಲ್ಲೇ ಐದು ದಿನ ಎಣಿಸಿ, ಪಟ್ಟೆ ಎಳೆದ ಮೇಲೆ ಮೂರನೇ ವಾರದಲ್ಲಿ ಮತ್ತೆ ಐದು ದಿನ. ಮೊದಲ ವಾರ ಎಣಿಸಬೇಡಿ, ಹೊಸ ಗೆರೆ ಕಂಡ ಉತ್ಸಾಹಕ್ಕೆ ಎಲ್ಲರೂ ಓಡುತ್ತಾರೆ, ಅಂಕಿ ಉಬ್ಬುತ್ತದೆ. ಪಿಟಿ ಪೀರಿಯಡ್‌ಗೆ ಅರ್ಧದಷ್ಟು ಸಮಯ ಮಧ್ಯಮ ಅಥವಾ ತೀವ್ರ ಚಟುವಟಿಕೆ ಇರಬೇಕು ಎಂಬುದು ಸಾಮಾನ್ಯ ಗುರಿ. ಬಿಡುವಿಗೂ ಅದನ್ನೇ ಗುರಿಯಾಗಿಟ್ಟುಕೊಂಡು, ಕೂತು ನಿಂತವರ ಸಂಖ್ಯೆ ಎಷ್ಟು ಇಳಿಯಿತು ಎಂಬುದನ್ನು ಮೊದಲು ತೋರಿಸಿ.

ತರಗತಿ ಶಿಕ್ಷಕಿ

ನಾಳೆಯಿಂದಲೇ ಎಣಿಕೆ ಶುರು ಮಾಡುತ್ತೇನೆ. ಹುಡುಗಿಯರ, ಹುಡುಗರ ಸಾಲಿನ ಜೊತೆ ತರಗತಿವಾರು ಸಾಲನ್ನೂ ಸೇರಿಸಿ ಹಾಳೆ ಗೀರಿದ್ದೇನೆ. ಎರಡೂ ವಾರದ ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.